ಒಂದು ಫೋನು, ಎರಡು ಕಂಟ್ರೋಲರು

ಒಂದು ವರ್ಷದ ಹತ್ತಿರ ನಾನು ಪ್ರತಿ ಭಾನುವಾರ ಮಧ್ಯಾಹ್ನ ನನ್ನ ಗೆಳೆಯನನ್ನು ಸಾಯುವ ಹಾಗೆ ಹೊಡೆದಿದ್ದೇನೆ. ಹಲ್ಲು ಉದುರಿಸಿದ್ದೇನೆ, ಪಕ್ಕೆಲುಬು ಮುರಿದಿದ್ದೇನೆ, ಕತ್ತು ಹಿಡಿದೆತ್ತಿ ನೆಲಕ್ಕೆ ಕುಕ್ಕಿದ್ದೇನೆ. ಒಂದೇ ಒಂದು ದಿನವನ್ನು ಬಿಟ್ಟರೆ ಉಳಿದದ್ದೆಲ್ಲ ನಡೆದದ್ದು ಫೋನಿನ ಒಳಗೆ. ಅಂಗೈ ಅಗಲದ ಪರದೆ, ಅದರೊಳಗೆ ಬರಿಗೈಯಲ್ಲಿ ಬಡಿದಾಡುವ ಇಬ್ಬರು ಗಂಡಸರು, ಹೊರಗೆ ಚಾಪೆಯ ಮೇಲೆ ತಲೆಗೆ ತಲೆ ತಾಗಿಸಿಕೊಂಡು ಕೂತ ನಾವಿಬ್ಬರು. ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ ನಿಲ್ಲಿಸುತ್ತಿದ್ದೆವು.

ನಮ್ಮ ಕೈಯಲ್ಲಿರುತ್ತಿದ್ದದ್ದು ಟಿವಿಗೆ ಜೋಡಿಸಿ ಆಡುವ ಆಟದ ಪೆಟ್ಟಿಗೆಯ ಕಂಟ್ರೋಲರುಗಳು. ಆ ಪೆಟ್ಟಿಗೆ ನಮ್ಮಿಬ್ಬರ ಮನೆಯಲ್ಲೂ ಇರಲಿಲ್ಲ, ಈಗಲೂ ಇಲ್ಲ. ವೈರಿಲ್ಲದ ಅಂಥ ಕಂಟ್ರೋಲರು ಬ್ಲೂಟೂತಿನಲ್ಲಿ ಮಾಮೂಲಿ ಫೋನಿಗೂ ಸೇರಿಕೊಳ್ಳುತ್ತದೆ ಎಂಬುದು ರಾಜಗೋಪಾಲನಗರದ ನಮ್ಮ ಬೀದಿಯಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಕೆಳಗಿನ ಮನೆಯವರೊಬ್ಬರು ಬಾಗಿಲಲ್ಲಿ ನಿಂತು ನೋಡಿ, "ಏನ್ ಗುರು, ಬೈಕ್ ಇಲ್ದೆ ಬರೀ ಹ್ಯಾಂಡಲ್ ಹಿಡ್ಕೊಂಡು ಓಡಿಸ್ತಿದೀರಾ" ಎಂದು ನಕ್ಕು ಹೋಗಿದ್ದರು. ನಾನು ಅವರಿಗೂ ಏನೋ ಕೆಟ್ಟದಾಗಿ ಅಂದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಮದುವೆಯಾದ ಮೂರನೇ ದಿನ ನನ್ನ ಹೆಂಡತಿ ಇದನ್ನು ಕಂಡುಹಿಡಿದಳು. ಅವಳಿಗೂ ಅಷ್ಟೇ ಇದೆ ಎಂದು ನಾಲ್ಕನೇ ದಿನ ನಾನು ಕಂಡುಹಿಡಿದೆ.

ಆದರೆ ಆ ಭಾನುವಾರಗಳ ಸಿಟ್ಟು ಹುಟ್ಟಿನಿಂದ ಬಂದದ್ದಲ್ಲ. ಅದು ಒಂದು ಮಿಷಿನ್ನಿನ ಮುಂದೆ ಶುರುವಾಯಿತು.

ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ನಾನು ಪವರ್ ಪ್ರೆಸ್ ಓಡಿಸುತ್ತಿದ್ದೆ. ಕೆಳಗಿನ ಡೈ ಎಂಬ ಉಕ್ಕಿನ ಅಚ್ಚಿನ ಮೇಲೆ ತಗಡಿನ ತುಂಡು ಇಡಬೇಕು, ಬಟನ್ ಒತ್ತಬೇಕು, ಮೇಲಿನಿಂದ ದಪ್ಪ ಕಬ್ಬಿಣದ ದಿಮ್ಮಿ ದಢಾರನೆ ಇಳಿದು ತಗಡನ್ನು ಬಗ್ಗಿಸಿ ಬ್ರಾಕೆಟ್ ಮಾಡಿ ಮೇಲೇಳುತ್ತದೆ. ಆ ಇಳಿಯುವ ಕಬ್ಬಿಣವನ್ನು ರ‍್ಯಾಮ್ ಎನ್ನುತ್ತೇವೆ. ತಗಡು ಯಾವುದು, ಬೆರಳು ಯಾವುದು ಎಂದು ಅದು ನೋಡುವುದಿಲ್ಲ. ಅದಕ್ಕೇ ಮಿಷಿನ್ನಿಗೆ ಎರಡು ಬಟನ್ ಇಟ್ಟಿರುತ್ತಾರೆ, ಎಡಕ್ಕೊಂದು, ಬಲಕ್ಕೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ರ‍್ಯಾಮ್ ಇಳಿಯುತ್ತದೆ. ಎರಡು ಕೈಯೂ ಬಟನ್ ಮೇಲಿದ್ದರೆ ಡೈ ಒಳಗೆ ಸಿಕ್ಕಿಕೊಳ್ಳಲು ಮೂರನೇ ಕೈ ಯಾರಿಗೂ ಇರುವುದಿಲ್ಲವಲ್ಲ.

ಆದರೆ ಹಾಗೆ ಎರಡೂ ಕೈಯಲ್ಲಿ ಒತ್ತುತ್ತ ಕೂತರೆ ದಿನಕ್ಕೆ ಆಗಬೇಕಾದಷ್ಟು ಪೀಸು ಆಗುವುದಿಲ್ಲ. ಆದ್ದರಿಂದ ನಾವೆಲ್ಲ ಹಳೆಯ ಸೈಕಲ್ ಟ್ಯೂಬಿನ ತುಂಡೊಂದನ್ನು ಎಡಗಡೆ ಬಟನ್ನಿನ ಮೇಲೆ ಬಿಗಿದು ಕಟ್ಟಿಬಿಡುತ್ತಿದ್ದೆವು. ಆಗ ಆ ಬಟನ್ ಸದಾ ಒತ್ತಿಕೊಂಡೇ ಇರುತ್ತದೆ. ಎಡಗೈ ತಗಡು ಇಡುತ್ತದೆ, ಬಲಗೈ ಒತ್ತುತ್ತದೆ, ಕೆಲಸ ಸರಸರ ಸಾಗುತ್ತದೆ. ಸೂಪರ್‌ವೈಸರಿಗೆ ಗೊತ್ತಿತ್ತು, ಓನರಿಗೂ ಗೊತ್ತಿತ್ತು. ಇಬ್ಬರೂ ಆ ಕಡೆ ನೋಡುತ್ತಿರಲಿಲ್ಲ.

ಇದಕ್ಕೆ ನಮ್ಮದೇ ಒಂದು ಕಟ್ಟುಪಾಡಿತ್ತು. ಟ್ಯೂಬು ಮಿಷಿನ್ನಿನದ್ದಲ್ಲ, ಆಪರೇಟರಿನದ್ದು. ಅವರವರ ಟ್ಯೂಬು ಅವರವರ ಶರ್ಟಿನ ಜೇಬಿನಲ್ಲಿರಬೇಕು, ಪಾಳಿ ಮುಗಿದ ತಕ್ಷಣ ಬಿಚ್ಚಿಕೊಂಡು ಹೋಗಬೇಕು. ಮುಂದಿನವನು ಬಂದು ತನ್ನದನ್ನು ತಾನೇ ಕಟ್ಟಿಕೊಳ್ಳುತ್ತಾನೆ. ಕಟ್ಟಿದವನಿಗೆ ಮಿಷಿನ್ ಒಂದೇ ಕೈಗೆ ಓಡುತ್ತದೆ ಎಂಬುದು ನೆನಪಿರುತ್ತದೆ, ಅದಕ್ಕೆ. ಒಮ್ಮೆ ಬಿಚ್ಚದೆ ಹೊರಟವನೊಬ್ಬನಿಗೆ ನಮ್ಮ ಹಳೆಯ ಆಪರೇಟರೊಬ್ಬರು ಇಡೀ ಶೆಡ್ಡಿನ ಎದುರು ಕಪಾಳಕ್ಕೆ ಬಾರಿಸಿದ್ದರು. ಅವನ ಕಿವಿ ಎರಡು ದಿನ ಗುಂಯ್‌ಗುಟ್ಟಿತಂತೆ. ಯಾರೂ ಬಿಡಿಸಲು ಹೋಗಲಿಲ್ಲ, ಸರಿಯಾಗಿ ಬಿತ್ತು ಎಂದೇ ಎಲ್ಲರೂ ಅಂದುಕೊಂಡೆವು. ಆಯುಧಪೂಜೆಯಲ್ಲಿ ಮಿಷಿನ್ನಿಗೆ ಕುಂಕುಮ ಇಟ್ಟು, ಬೂದುಗುಂಬಳ ಒಡೆದು, ಓನರ್ ಸ್ವೀಟ್ ಹಂಚಲು ತಿರುಗಿದಾಗ ನಾವು ಜೇಬಿನಿಂದ ಟ್ಯೂಬ್ ತೆಗೆದು ಅದಕ್ಕೂ ಒಂದು ಬೊಟ್ಟು ಇಡುತ್ತಿದ್ದೆವು. ಕೈ ಕಾಯುವ ಬಟನ್ನನ್ನು ಕಟ್ಟಿಹಾಕುವ ವಸ್ತುವಿಗೆ, ಕೈ ಕಾಪಾಡಪ್ಪ ಎಂದು ಪೂಜೆ. ಇಂಥ ಮೂರ್ಖರು ನಾವು.

ಗೆಳೆಯ ಬೆಳಗಿನ ಪಾಳಿ, ನಾನು ಮಧ್ಯಾಹ್ನದ ಪಾಳಿ, ಇಬ್ಬರದೂ ಒಂದೇ ಮಿಷಿನ್. ಇಬ್ಬರಿಗೂ ಫೋನಿನಲ್ಲಿ ಆಡುವ ಹುಚ್ಚು. ಆಗ ಆಡುತ್ತಿದ್ದದ್ದು ಪರದೆಯ ಮೇಲೆ ಬೆರಳು ಉಜ್ಜಿ ಗುಂಡು ಹಾರಿಸುವ ಆಟ. ಆ ದಿನ ಅವನು ಆನ್‌ಲೈನ್ ಪಂದ್ಯವೊಂದಕ್ಕೆ ಸೇರಿಕೊಂಡಿದ್ದ. ಎರಡು ಗಂಟೆಗೆ ಸೈರನ್ ಆಗಿದ್ದೇ ತಡ, ಎದ್ದು ಕೈ ಒರೆಸಿಕೊಳ್ಳುತ್ತ ಬಾಗಿಲ ಕಡೆ ಓಡಿದ. ನಾನು ಬಂದು ಸ್ಟೂಲಿನ ಮೇಲೆ ಕೂತೆ. ಎಡಗಡೆ ಬಟನ್ನಿನ ಮೇಲೆ ಅವನ ಟ್ಯೂಬು ಹಾಗೇ ಇತ್ತು.

ನಾನು ಅದನ್ನು ನೋಡಿದೆ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟದ್ದು ಸಾಕು. ನೋಡಿದೆ, ಕಟ್ಟುವ ಕೆಲಸ ಉಳಿಯಿತು ಎಂದು ಖುಷಿಪಟ್ಟೆ, ನನ್ನ ಟ್ಯೂಬನ್ನು ಜೇಬಿನಲ್ಲೇ ಬಿಟ್ಟೆ.

ಮೊದಲನೇ ಪೀಸು. ಎಡಗೈಯಲ್ಲಿ ತಗಡು ಹಿಡಿದು ಡೈ ಮೇಲೆ ಕೂರಿಸುತ್ತಿದ್ದೆ. ಅವನು ಬಾಗಿಲಿನಿಂದ ಕೂಗಿದ: "ಮಗಾ, ಇವತ್ತು ಗೆದ್ಕೊಂಡೇ ಬರ್ತೀನಿ ನೋಡ್ತಿರು." ನಾನು ಕತ್ತು ತಿರುಗಿಸಿ, "ಮೊದ್ಲು ನೆಟ್ಟಗೆ ಗನ್ ಹಿಡಿಯೋದ್ ಕಲಿ ಹೋಗೋ" ಎಂದೆ. ಬಾಯಲ್ಲಿ ನಗು ಇತ್ತು. ಎಡಗೈ ಇನ್ನೂ ಒಳಗಿತ್ತು. ಬಲಗೈ ಅದರ ಪಾಡಿಗೆ ಅದು ಬಟನ್ನಿನ ಮೇಲೆ ಬಿತ್ತು.

ದಿನಾ ಕೇಳುವ ಸದ್ದೇ ಬಂತು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಮೊದಲು ನೋವಾಗಲಿಲ್ಲ, ಮೊಳಕೈವರೆಗೆ ಬಿಸಿನೀರು ಸುರಿದ ಹಾಗಾಯಿತು. ರ‍್ಯಾಮ್ ಮೇಲೆದ್ದಾಗ ಬ್ರಾಕೆಟ್ ಸರಿಯಾಗಿಯೇ ಬಗ್ಗಿತ್ತು. ಅದರ ಮಡಿಕೆಯೊಳಗೆ ನನ್ನ ತೋರುಬೆರಳು, ನಡುಬೆರಳು, ಅರ್ಧ ಹೆಬ್ಬೆರಳು ಇದ್ದವು. ಡೈ ಮೇಲಿನ ಎಣ್ಣೆಯಲ್ಲಿ ರಕ್ತ ಬೆರೆಯದೆ ದಾರದಾರವಾಗಿ ಹರಿಯುತ್ತಿತ್ತು. ಅರಚಿದ್ದು ನಾನಲ್ಲ, ಗೆಳೆಯ. ಓಡಿಬಂದು ಬಟನ್ನಿನ ಮೇಲಿದ್ದ ತನ್ನ ಟ್ಯೂಬನ್ನು ಕಿತ್ತು ನನ್ನ ಮಣಿಕಟ್ಟಿಗೆ ಹಲ್ಲು ಕಚ್ಚಿ ಬಿಗಿದ. ಆಟೋದಲ್ಲಿ ದಾರಿಯುದ್ದಕ್ಕೂ ನನ್ನ ಕೈಯನ್ನು ತನ್ನ ತಲೆಗಿಂತ ಮೇಲೆ ಎತ್ತಿ ಹಿಡಿದಿದ್ದ. ರಕ್ತ ಅವನ ಕಿವಿಯ ಹಿಂದೆ ಇಳಿದು ಕಾಲರಿನೊಳಗೆ ಹೋಗುತ್ತಿತ್ತು.

ಮಾರನೇ ದಿನ ಆಸ್ಪತ್ರೆಗೆ ಓನರ್ ಬಂದರು. ಗೆಳೆಯ ನನ್ನ ಮಂಚದ ಕಾಲ ಬಳಿ ನಿಂತಿದ್ದ. ಯಾರೂ ಕೇಳುವ ಮೊದಲೇ ಹೇಳಿದ: "ಸಾರ್, ನಾನು ಟ್ಯೂಬ್ ಬಿಚ್ದೆ ಬಂದ್ಬಿಟ್ಟೆ. ಇವನಿಗೆ ಗೊತ್ತಿರ್ಲಿಲ್ಲ. ಎಲ್ಲಾ ನನ್ನಿಂದಾನೇ ಆಗಿದ್ದು."

ನನ್ನ ಕಣ್ಣು ತೆರೆದಿತ್ತು. ಎಚ್ಚರವಿತ್ತು. ಗೊತ್ತಿತ್ತು ಸಾರ್, ನೋಡಿದ್ದೆ ಎಂದರೆ ಮುಗಿಯುತ್ತಿತ್ತು. ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಹೆಂಡತಿ ಪಕ್ಕದಲ್ಲಿ ಅಳುತ್ತಿದ್ದಳು, ಅವಳೆದುರು ದಡ್ಡನಾಗುವುದು ಬೇಡವಾಗಿತ್ತು. ಅದೊಂದೇ ಅಲ್ಲ. ಬೆರಳು ಹೋದವನಿಗೆ ಬೈಯಲು ಒಬ್ಬ ಬೇಕಾಗುತ್ತಾನೆ. ನನ್ನನ್ನು ನಾನೇ ಬೈದುಕೊಂಡು ಬದುಕುವ ಧೈರ್ಯ ನನಗಿರಲಿಲ್ಲ, ಅವನು ತಾನಾಗಿಯೇ ಬಂದು ಕೊರಳು ಒಡ್ಡಿದ. ಕೆಲವು ವಾರ ಕಳೆಯುವಷ್ಟರಲ್ಲಿ ತಪ್ಪು ಅವನದೇ ಎಂದು ನಾನೇ ನಂಬಿಬಿಟ್ಟಿದ್ದೆ, ಹಗಲಿನಲ್ಲಾದರೂ.

ಓನರ್ ಅವನನ್ನು ಮಿಷಿನ್ನಿನಿಂದ ಎಬ್ಬಿಸಿ ಟ್ರಾಲಿ ತಳ್ಳುವ ಲೋಡಿಂಗ್ ಕೆಲಸಕ್ಕೆ ಹಾಕಿದರು. ಕೈಯಲ್ಲಿ ಕಸುಬಿದ್ದವನನ್ನು ಮೂಟೆ ಹೊರಲು ಬಿಟ್ಟರೆ ಅದು ಎಂಥ ಅವಮಾನ ಎಂದು ಪೀಣ್ಯದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಎಲ್ಲ ಪ್ರೆಸ್ಸುಗಳ ಬಟನ್ ಸುತ್ತ ತಗಡಿನ ಡಬ್ಬಿ ಬೆಸುಗೆ ಹಾಕಿಸಿದರು, ಇನ್ನು ಟ್ಯೂಬು ಕಟ್ಟಲು ಜಾಗವೇ ಇಲ್ಲ. ನನಗೆ ಗಾಯ ಮಾಗಿದ ಮೇಲೆ ಅದೇ ಶೆಡ್ಡಿನಲ್ಲಿ ಪ್ಯಾಕಿಂಗ್ ಮೇಜಿನ ಮುಂದೆ ಕೂತು ಮಾಡುವ ಕೆಲಸ ಕೊಟ್ಟರು. ಅವನ ಟ್ರಾಲಿ ನನ್ನ ಮೇಜಿನ ಮುಂದೆಯೇ ದಿನಕ್ಕೆ ಇಪ್ಪತ್ತು ಸಲ ಹೋಗುತ್ತಿತ್ತು. ಪ್ರತಿ ಸಲವೂ ಅವನು ನನ್ನ ಎಡಗೈ ನೋಡಿ ತಲೆ ತಗ್ಗಿಸುತ್ತಿದ್ದ. ಜನ ಅವನನ್ನು ಕೈ ತಿಂದೋನು ಎಂದು ಕರೆಯಲು ಶುರುಮಾಡಿದರು. ಮುಂದೆ ಕೆಲವು ತಿಂಗಳಿಗೆ, ಅವನ ಮದುವೆಗೆಂದು ನೋಡಿದ್ದ ಹುಡುಗಿಯ ಮನೆಯವರಿಗೂ ಈ ಸುದ್ದಿ ಹೋಗಿ, ಅವರು ಬೇಡವೆಂದರು. ಇದೆಲ್ಲ ನನಗೆ ಗೊತ್ತಾಗುತ್ತಿತ್ತು. ನಾನು ಟೇಪು ಹಚ್ಚುತ್ತ ಕೂತಿರುತ್ತಿದ್ದೆ.

ಫೋನಿನ ಆಟ ನನಗೆ ನಿಂತುಹೋಯಿತು. ಅರ್ಧ ಹೆಬ್ಬೆರಳಿನ ತುದಿ ಗಾಜಿಗೆ ತಾಗಿದರೆ ಕರೆಂಟ್ ಹೊಡೆದ ಹಾಗಾಗುತ್ತಿತ್ತು, ಉಳಿದೆರಡು ಬೆರಳು ಬೇಡದ ಕಡೆ ಒತ್ತುತ್ತಿದ್ದವು. ಒಂದು ಸಂಜೆ ಫೋನನ್ನು ಗೋಡೆಗೆ ಎಸೆದೆ. ಮೂಲೆಯಲ್ಲಿ ಬಿರುಕು ಬಿಟ್ಟಿತು, ಹೆಂಡತಿ ಎತ್ತಿಕೊಂಡು ಒರೆಸಿಟ್ಟಳು. ಮುಂದಿನ ಭಾನುವಾರ ಗೆಳೆಯ ಬಂದ. ಹೆಂಡತಿ ಮೊದಲೆಲ್ಲ ಅವನನ್ನು ಅಣ್ಣ ಎನ್ನುತ್ತಿದ್ದಳು. ಆ ದಿನ ಬಾಗಿಲು ತೆಗೆದು, ಮುಖ ತಿರುಗಿಸಿ ಒಳಗೆ ಹೋದಳು. ಅವನು ಜೇಬಿನಿಂದ ಕಪ್ಪು ಕಂಟ್ರೋಲರೊಂದನ್ನು ತೆಗೆದು ಚಾಪೆಯ ಮೇಲಿಟ್ಟ. ಎಲ್ಲೋ ಯಾರೋ ಆಡಿ ಬಿಟ್ಟದ್ದು, ಹೆಬ್ಬೆರಳಿನಿಂದ ತಳ್ಳುವ ಸ್ಟಿಕ್ಕಿನ ರಬ್ಬರು ಸವೆದಿತ್ತು.

"ಮಗಾ, ಇದಕ್ಕೆ ಗಾಜು ಮುಟ್ಟೋ ಹಂಗಿಲ್ಲ. ಬಟನ್ ಅಷ್ಟೇ. ಒಂದ್ಸಲ ಹಿಡ್ಕೊಂಡು ನೋಡು" ಎಂದ.

ಫೋನಿಗೆ ಸೇರಿಸಲು ಅದರ ಎರಡು ಬಟನ್ ಒಟ್ಟಿಗೆ ಒತ್ತಿ ಹಿಡಿಯಬೇಕಿತ್ತು. ಎರಡು ಬಟನ್ ಒಟ್ಟಿಗೆ ಎಂದದ್ದೇ ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಒದೆಯಬೇಕು ಅನ್ನಿಸಿತು. ಅವನೇ ಒತ್ತಿ ಹಿಡಿದ. ದೀಪ ಪಟಪಟ ಮಿನುಗಿ ನಿಂತಿತು, ಫೋನಿನಲ್ಲಿ ಅದರ ಹೆಸರು ಬಂತು. ಅರ್ಧ ಹೆಬ್ಬೆರಳಿನಿಂದ ಸ್ಟಿಕ್ಕನ್ನು ತಳ್ಳಿ ನೋಡಿದೆ, ನೋವಾಗಲಿಲ್ಲ. ಆಟದಲ್ಲಿ ಏಟು ತಡೆಯುವ ಬಟನ್ ಎಡಗಡೆ ಮೇಲ್ತುದಿಯಲ್ಲಿತ್ತು, ಅದಕ್ಕೆ ಬೇಕಾದ ತೋರುಬೆರಳು ನನ್ನಲ್ಲಿರಲಿಲ್ಲ. ಅವನು ಒಂದು ಗಂಟೆ ಸೆಟ್ಟಿಂಗಿನಲ್ಲಿ ತಡಕಾಡಿ, ತಡೆಯುವುದನ್ನು ಬಲಗಡೆಗೆ ಬದಲಾಯಿಸಿದ. ಸಮಯದ ಮಿತಿಯನ್ನೂ ತೆಗೆದುಹಾಕಿದ, ನನ್ನ ಕೈ ನಿಧಾನ ಎಂದು. ಮರುವಾರ ತನಗೂ ಒಂದು ಕಂಟ್ರೋಲರು ತಂದ. ಒಂದೇ ಫೋನಿಗೆ ಎರಡನ್ನೂ ಸೇರಿಸಿದ. ಅವನು ಕೆಂಪು ಚಡ್ಡಿಯವನು, ನಾನು ಕಪ್ಪು ಚಡ್ಡಿಯವನು.

ಮೊದಲ ಏಟು ತಿಂದಾಗ ಕಂಟ್ರೋಲರು ಅಂಗೈಯಲ್ಲಿ ಗಡಗಡ ನಡುಗಿತು. ಆಟದಲ್ಲಿ ಪೆಟ್ಟು ಬಿದ್ದರೆ ಹಾಗೆ ನಡುಗುವುದು ಅದರ ಗುಣವಂತೆ, ನನಗೇನು ಗೊತ್ತು. ಕೈಯಿಂದ ಎಸೆದುಬಿಟ್ಟೆ, ಬೆವರು ಕಿತ್ತುಕೊಂಡಿತು. ಅವನು ಎತ್ತಿಕೊಟ್ಟ. ಎರಡನೇ ಸಲ ಅವನಿಗೆ ನಾನು ಹೊಡೆದೆ. ಅವನ ಕೈಯಲ್ಲಿದ್ದದ್ದು ನಡುಗಿತು. ಅದು ನನಗೆ ಹಿಡಿಸಿತು.

ಆಮೇಲಿನ ತಿಂಗಳುಗಳು ನನಗೆ ಸುಖದ ತಿಂಗಳುಗಳು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ವಾರವೆಲ್ಲ ಟೇಪು ಹಚ್ಚಿ ಹಚ್ಚಿ ಒಳಗೆ ಕುದಿಯುತ್ತಿದ್ದದ್ದನ್ನು ಭಾನುವಾರ ಅವನ ಮೇಲೆ ಸುರಿಯುತ್ತಿದ್ದೆ. ಮೂಲೆಗೆ ತಳ್ಳಿ ಹೊಟ್ಟೆಗೆ ಗುದ್ದುತ್ತಿದ್ದೆ. ಬಿದ್ದವನನ್ನು ಏಳಲು ಬಿಟ್ಟು, ಎದ್ದ ಕೂಡಲೇ ಮುಖಕ್ಕೆ ಒದೆಯುತ್ತಿದ್ದೆ. ಪರದೆಯಲ್ಲಿ ರಕ್ತ ಸಿಡಿದಾಗ ಬಾಯಿಂದ ಕೆಟ್ಟ ಮಾತು ಬರುತ್ತಿತ್ತು, ಹೆಂಡತಿ ಅಡುಗೆಮನೆಯಿಂದ "ಬೀದಿಗೆಲ್ಲಾ ಕೇಳ್ಸುತ್ತೆ ಕಣ್ರೀ" ಎನ್ನುತ್ತಿದ್ದಳು. ಅವನು ಸೋಲುತ್ತಿದ್ದ, ನಗುತ್ತಿದ್ದ, ಇನ್ನೊಂದು ಆಡೋಣ ಎನ್ನುತ್ತಿದ್ದ. ಎರಡೂವರೆ ಬೆರಳಿಲ್ಲದ ನಾನು ಹತ್ತು ಬೆರಳಿನವನನ್ನು ಹಣ್ಣುಗಾಯಿ ನೀರುಗಾಯಿ ಮಾಡುತ್ತಿದ್ದೇನೆ ಎಂದು ಎದೆ ಉಬ್ಬುತ್ತಿತ್ತು.

ಆ ಕೊನೆಯ ಭಾನುವಾರ ಹೆಂಡತಿ ಬೊಮ್ಮಸಂದ್ರದಲ್ಲಿರುವ ಅವಳ ಅಕ್ಕನ ಮನೆಗೆ ಹೋಗಿದ್ದಳು. ನಾನು ಕೆಳಗಿನ ಅಂಗಡಿಗೆ ಹೋಗಿ ಹಾಲು ತರುವಷ್ಟರಲ್ಲಿ ಗೆಳೆಯ ಬಂದು, ನನ್ನ ಫೋನಿನಲ್ಲೇ ಒಬ್ಬನೇ ಆಡುತ್ತಿದ್ದ. ಎದುರಿಗೆ ಫೋನೇ ಆಡಿಸುವ ಆಳು, ಅದೂ ಎಲ್ಲಕ್ಕಿಂತ ಕಷ್ಟದ ಹಂತದ್ದು. ನನಗೆ ಬೆನ್ನು ಹಾಕಿ ಕೂತಿದ್ದ. ನಾನು ಬಾಗಿಲಲ್ಲೇ ನಿಂತು ನೋಡಿದೆ. ಒಂದು ಏಟೂ ಅವನಿಗೆ ತಗುಲುತ್ತಿರಲಿಲ್ಲ. ಬರುವುದನ್ನೆಲ್ಲ ತಡೆದು, ಪಕ್ಕಕ್ಕೆ ಸರಿದು, ನಾನು ಹೆಸರೂ ಕೇಳಿರದ ಪಟ್ಟು ಹಾಕಿ ಆ ಆಳನ್ನು ಅರ್ಧ ನಿಮಿಷದಲ್ಲಿ ನೆಲಕ್ಕೆ ಹಾಕಿದ. ಇಂಥವನು ಒಂದು ವರ್ಷದಿಂದ ನನ್ನ ಕೈಲಿ ಸೋಲುತ್ತಿದ್ದ.

ಹಾಲಿನ ಪ್ಯಾಕೆಟ್ ಇಟ್ಟು, ಏನೂ ನೋಡದವನ ಹಾಗೆ ಪಕ್ಕದಲ್ಲಿ ಕೂತೆ. ಆಟ ಶುರುವಾಯಿತು. ಈ ಸಲ ನಾನು ಪರದೆ ನೋಡಲಿಲ್ಲ, ಅವನ ಕೈ ನೋಡಿದೆ. ತಡೆಯುವ ಬಟನ್ ಅವನದರಲ್ಲಿ ಎಡಗಡೆಯೇ ಇತ್ತು, ಅದರ ಮೇಲೆ ಅವನ ತೋರುಬೆರಳೇ ಇರಲಿಲ್ಲ. ಬೆರಳನ್ನು ಮಡಚಿ ಕಂಟ್ರೋಲರಿನ ಕೆಳಗೆ ಇಟ್ಟುಕೊಂಡಿದ್ದ, ನನ್ನಂತೆಯೇ ಅವನಿಗೂ ಅದಿಲ್ಲವೇನೋ ಎಂಬಂತೆ.

"ಯಾಕೋ ಬ್ಲಾಕ್ ಮಾಡ್ತಿಲ್ಲ?"

"ಮಾಡ್ತಿದೀನಲ್ಲ ಮಗಾ."

"ಸುಳ್ ಹೇಳ್ಬೇಡ. ಈಗ್ ತಾನೆ ಬಾಗ್ಲಲ್ಲಿ ನಿಂತ್ಕೊಂಡು ನೋಡ್ದೆ. ಮೊದಲ್ನೇ ದಿನದಿಂದ್ಲೂ ಬೇಕಂತಾನೆ ಸೋಲ್ತಿದೀಯಾ?"

ಅವನು ಕಂಟ್ರೋಲರನ್ನು ಮಡಿಲಿಗೆ ಇಳಿಸಿದ.

"ಕೈ ಇಲ್ದಿರೋನು, ಪಾಪ ಗೆಲ್ಲಿ ಅಂತಾನಾ?"

"ನಿಂಗೆ ಹೊಡೆಯೋದ್ರಲ್ಲಿ ಸಮಾಧಾನ ಸಿಗತ್ತೆ ಅನ್ಸ್ತು ಮಗಾ. ಅದಕ್ಕೆ ಬಿಟ್ಟೆ" ಎಂದ.

ಪಿತ್ತ ನೆತ್ತಿಗೇರಿತು. ಬಲಗೈಯಲ್ಲಿದ್ದ ಕಂಟ್ರೋಲರಿನಿಂದಲೇ ಅವನ ಬಾಯಿಗೆ ಬೀಸಿ ಹೊಡೆದೆ. ಪ್ಲಾಸ್ಟಿಕ್ಕು ಹಲ್ಲಿಗೆ ತಾಗಿದ ಸದ್ದು ಕೇಳಿತು. ಇನ್ನೊಂದು ಹೊಡೆದೆ, ಅದು ಕೆನ್ನೆಯ ಮೂಳೆಗೆ ಬಿತ್ತು. ಅವನು ಹಿಂದಕ್ಕೆ ವಾಲಿ ಗೋಡೆಗೆ ಒರಗಿದ. ತುಟಿ ಸೀಳಿ ಗಲ್ಲದ ಮೇಲೆ ರಕ್ತ ಇಳಿಯುತ್ತಿತ್ತು. ಕೈ ಎತ್ತಲಿಲ್ಲ, ಮುಖವನ್ನೂ ಮುಚ್ಚಿಕೊಳ್ಳಲಿಲ್ಲ. ನಾನು ಅವನ ಕಾಲರ್ ಹಿಡಿದು, "ತಡಿಯೋ, ಕೈ ಎತ್ತೋ" ಎಂದು ಕಿರುಚುತ್ತ ಎದೆಗೆ ಗುದ್ದಿದೆ.

"ಹೊಡಿ ಮಗಾ" ಎಂದ. ಬಾಯಿ ಊದಿ ಮಾತು ತೊದಲುತ್ತಿತ್ತು. "ಇನ್ನೂ ಬೇಕಾದ್ರೆ ಹೊಡಿ. ನಿನ್ ಕೈ ತೆಗೆದೋನು ನಾನು. ನಂಗೆ ತಡಿಯೋ ಹಕ್ಕಿಲ್ಲ."

ಎತ್ತಿದ ಕೈ ಅಲ್ಲೇ ನಿಂತಿತು. ಒಂದು ವರ್ಷಕ್ಕೂ ಮೇಲೆ ಮುಚ್ಚಿಟ್ಟದ್ದು ಹೊರಗೆ ಬಿತ್ತು, ನಾನು ಹೇಳಬೇಕೆಂದು ಹೇಳಿದ್ದಲ್ಲ.

"ಟ್ಯೂಬ್ ಇದ್ದಿದ್ದು ನಾನ್ ನೋಡಿದ್ದೆ ಕಣೋ."

"ಏನು?"

"ಕೂತ್ಕೊಂಡ್ ತಕ್ಷಣ ನೋಡ್ದೆ. ಕಟ್ಟೋದು ಉಳೀತು ಅಂತ ಸುಮ್ನಾದೆ. ನೀನ್ ಬಿಚ್ಕೊಂಡು ಹೋಗಿದ್ರೂ ನಾನ್ ನಂದು ಕಟ್ತಿದ್ದೆ. ಆ ಕಡೆ ತಿರುಗ್ದೆ, ಒತ್ತಿದೆ. ಅಷ್ಟೇ ಆಗಿದ್ದು."

ಅವನು ಗೋಡೆ ಬಿಟ್ಟು ನೆಟ್ಟಗೆ ಕೂತ. ಆಮೇಲೆ ಕೇಳಿದ: "ಆಸ್ಪತ್ರೇಲಿ ನಾನು ಓನರ್‌ಗೆ ಹೇಳ್ಬೇಕಾದ್ರೆ ನಿಂಗೆ ಎಚ್ಚರ ಇತ್ತಾ?"

"ಇತ್ತು."

ಅವನು ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡ. ತನ್ನ ಕಂಟ್ರೋಲರನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಎದ್ದ. ನಾನೂ ಎದ್ದೆ. ಮೊದಲನೇ ಏಟು ನನ್ನ ಮೂಗಿಗೆ ಬಿತ್ತು, ಕಣ್ಣ ಮುಂದೆ ಬೆಳ್ಳಗಾಯಿತು. ಎರಡನೆಯದು ಹೊಟ್ಟೆಗೆ. ವರ್ಷವೆಲ್ಲ ಮೂಟೆ ಹೊತ್ತ ತೋಳು ಅದು, ಉಸಿರು ಒಳಗೂ ಹೋಗಲಿಲ್ಲ ಹೊರಗೂ ಬರಲಿಲ್ಲ. ಬಿದ್ದೆ. ಪಕ್ಕೆಗೆ ಒದ್ದ, ಇನ್ನೊಂದು ಒದ್ದ. ಅಕ್ಕಿ ಡಬ್ಬಿ ಉರುಳಿ ಫೋನು ಚಾಪೆಯ ಮೇಲೆ ಬಿದ್ದು, ನನ್ನ ಮುಖದ ಹತ್ತಿರ ಬಂದು ನಿಂತಿತು. ಅವನು ಅಳುತ್ತಿದ್ದ. ಹೊಡೆಯುತ್ತಿದ್ದವನು ಅವನು, ಬಿಕ್ಕಿ ಬಿಕ್ಕಿ ಅಳುತ್ತಿದ್ದವನೂ ಅವನೇ. ನಾನು ಕೈ ಅಡ್ಡ ಹಿಡಿಯಲಿಲ್ಲ. ಹಿಡಿಯಬೇಕು ಅನ್ನಿಸಲೂ ಇಲ್ಲ.

ಆಮೇಲೆ ಬಾಗಿಲು ಬಡಿದ ಸದ್ದು. ಅವನು ಮೆಟ್ಟಿಲಿಳಿಯುವುದು ಕೇಳುತ್ತಿತ್ತು. ಪರದೆಯಲ್ಲಿ ಆಟ ನಿಂತಿರಲಿಲ್ಲ. ಅವನ ಕಂಟ್ರೋಲರು ಇನ್ನೂ ಫೋನಿಗೆ ಸೇರಿಕೊಂಡೇ ಇತ್ತು. ಜೇಬಿನೊಳಗೆ ಅವನು ಹೆಜ್ಜೆ ಇಟ್ಟ ಹಾಗೆಲ್ಲ ಯಾವ್ಯಾವುದೋ ಬಟನ್ ಒತ್ತಿಕೊಳ್ಳುತ್ತಿತ್ತು. ಕೆಂಪು ಚಡ್ಡಿಯವನು ಸುಮ್ಮನೆ ನಿಂತಿದ್ದ ನನ್ನವನ ಮುಖಕ್ಕೆ ಗುದ್ದುತ್ತಲೇ ಇದ್ದ. ನನ್ನ ಕಂಟ್ರೋಲರು ಚಾಪೆಯ ಮೇಲೆ ಗಡಗಡ ನಡುಗುತ್ತಿತ್ತು. ನಾನು ಅದನ್ನು ಮುಟ್ಟದೆ ನೋಡುತ್ತ ಮಲಗಿದ್ದೆ. ಅವನು ಬೀದಿ ಮುಟ್ಟಿರಬೇಕು, ಎರಡನೇ ಕಂಟ್ರೋಲರ್ ಸಂಪರ್ಕ ತಪ್ಪಿದೆ ಎಂಬ ಬರಹ ಬಂದು ಆಟ ನಿಂತಿತು.

ಸಂಜೆ ಹೆಂಡತಿ ಬಂದು ನನ್ನ ಮೂಗು ನೋಡಿ, ಯಾರು ಹೊಡೆದದ್ದೆಂದು ಕೇಳಿದಳು. ಎಲ್ಲ ಹೇಳಿದೆ. ಅವಳು ಬಿಸಿನೀರು ಕಾಯಿಸಿ ತಂದು, ಮುಖ ಒರೆಸಿ, "ನಾನಾಗಿದ್ರೆ ಇಷ್ಟಕ್ಕೇ ಬಿಡ್ತಿರ್ಲಿಲ್ಲ" ಎಂದಳು. ಆ ವಾರವೆಲ್ಲ ನನ್ನೊಂದಿಗೆ ಬೇರೆ ಮಾತಾಡಲಿಲ್ಲ.

ಸೋಮವಾರ ಬೆಳಿಗ್ಗೆ ಓನರ್ ಬರುವುದನ್ನೇ ಕಾದಿದ್ದು, ಆಫೀಸ್ ರೂಮಿಗೆ ಹೋಗದೆ ಶೆಡ್ಡಿನ ಮಧ್ಯದಲ್ಲೇ ನಿಲ್ಲಿಸಿ, ಟ್ಯೂಬನ್ನು ನಾನು ನೋಡಿದ್ದೆ, ತಪ್ಪು ನನ್ನದು ಎಂದು ಹೇಳಿದೆ. ಪ್ರೆಸ್ಸುಗಳು ಒಂದೊಂದಾಗಿ ನಿಂತವು. ಓನರ್ ನನ್ನ ಮೂಗನ್ನೂ ಕೈಯನ್ನೂ ನೋಡಿ, "ಇಷ್ಟ್ ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ?" ಎಂದರು. ಹಿಂದೆ ಕಪಾಳಕ್ಕೆ ಬಾರಿಸಿದ್ದ ಆ ಹಳೆಯ ಆಪರೇಟರು ನನ್ನ ಮುಂದೆ ನೆಲಕ್ಕೆ ಉಗಿದು ಹೋದರು. ಓನರ್ ಗೆಳೆಯನನ್ನು ಕರೆದು, ನಾಳೆಯಿಂದ ನಿನ್ನ ಮಿಷಿನ್ನಿಗೆ ಕೂತ್ಕೊ ಎಂದರು. ಅವನು ತುಟಿಗೆ ಹಾಕಿದ್ದ ಹೊಲಿಗೆ ಮುಟ್ಟಿಕೊಳ್ಳುತ್ತ, "ಬೇಡ ಸಾರ್" ಎಂದ. ಯಾಕೆಂದು ಯಾರಿಗೂ ಅರ್ಥವಾಗಲಿಲ್ಲ.

ಊಟದ ಹೊತ್ತಿನಲ್ಲಿ ಹಿಂದಿನ ನಲ್ಲಿಯ ಹತ್ತಿರ ಸಿಕ್ಕಿದ. ಇಬ್ಬರೇ ಇದ್ದೆವು. ನಾನು ಕ್ಷಮಿಸು ಎಂದೆ. ಅವನು ಕೈಗೆ ಸೋಪು ಹಚ್ಚಿಕೊಳ್ಳುತ್ತಲೇ ಇದ್ದ.

"ಎಲ್ಲಾರ್ಗೂ ಗೊತ್ತಾಯ್ತಲ್ಲ ಮಗಾ. ಮಿಷಿನ್‌ಗೆ ವಾಪಸ್ ಹೋಗು. ನಿನ್ ತಪ್ಪಿಲ್ಲ" ಎಂದೆ.

"ಆಗಲ್ಲ" ಎಂದ. ನನ್ನ ಕಡೆ ನೋಡದೆಯೇ ಹೇಳಿದ: "ಹುಡುಗಿ ಮನೆಯವರು ಬೇಡ ಅಂದ ವಾರ, ಒಂದಿನ ಊಟದ ಟೈಮಲ್ಲಿ ಯಾರೂ ಇರ್ಲಿಲ್ಲ. ಆ ಮಿಷಿನ್ ಮುಂದೆ ಕೂತೆ. ಎಡಗೈ ಡೈ ಒಳಗಿಟ್ಟು ಬಲಗೈಲಿ ಬಟನ್ ಒತ್ತಿದೆ. ನಿನ್ ಥರಾನೇ ಆಗ್ಲಿ, ಆಗ ಸರಿಹೋಗತ್ತೆ ಅಂತ. ರ‍್ಯಾಮ್ ಇಳೀಲಿಲ್ಲ. ಟ್ಯೂಬ್ ಇಲ್ದೆ ಒಂದೇ ಬಟನ್‌ಗೆ ಇಳಿಯಲ್ಲ ಅನ್ನೋದೂ ತಲೇಲಿ ಇರ್ಲಿಲ್ಲ. ಮೂರು ಸಲ ಒತ್ತಿದೆ."

ಹುಡುಗಿಯ ಮನೆಯವರು ಬೇಡವೆಂದ ವಾರ ಯಾವುದೆಂದು ನನಗೆ ನೆನಪಿತ್ತು. ಆ ಭಾನುವಾರವೂ ಅವನು ಬಂದಿದ್ದ. ಚಾಪೆಯ ಮೇಲೆ ಕೂತು ಏಟು ತಿಂದಿದ್ದ, ನಕ್ಕಿದ್ದ, ಇನ್ನೊಂದು ಆಡೋಣ ಎಂದಿದ್ದ. ನಾನು ಗೆದ್ದು ಚಪ್ಪಾಳೆ ತಟ್ಟಿದ್ದೆ.

ಅವನು ಎರಡೂ ಕೈ ತೊಳೆದು, ಪ್ಯಾಂಟಿಗೆ ಒರೆಸಿಕೊಂಡು, ಟ್ರಾಲಿಯ ಕಡೆ ನಡೆದ. ನಾನು ನಲ್ಲಿ ನಿಲ್ಲಿಸುವುದನ್ನೂ ಮರೆತು ಅಲ್ಲೇ ನಿಂತಿದ್ದೆ.